ತಕಹೇ ಮುಂದೆ ಕೂತಾಗ: ಹಾರಲಾರದ ಹಕ್ಕಿಯ ಫೋಟೊ, ಹಾರಲಾರದ ಹಕ್ಕಿಯ ದನಿ

ಪ್ರಶ್ನೆ: ನಾನು ಉಡುಪಿಯವಳು. ಬ್ಯಾಂಕ್ ಕೆಲಸದಿಂದ ನಿವೃತ್ತಳಾದ ಮೇಲೆ ಹಕ್ಕಿ ಫೋಟೊ ತೆಗೆಯುವ ಹವ್ಯಾಸ ಹಿಡಿಯಿತು. ಮಗಳು ಆಕ್ಲೆಂಡಿನಲ್ಲಿದ್ದಾಳೆ. ಡಿಸೆಂಬರಿನಲ್ಲಿ ಹೋಗುತ್ತಿದ್ದೇವೆ. ಹತ್ತಿರದ ತಿರಿತಿರಿ ಮಟಾಂಗಿ ದ್ವೀಪದಲ್ಲಿ ತಕಹೇ ಎಂಬ ಹಾರಲಾರದ ಅಪರೂಪದ ಹಕ್ಕಿ ಇದೆಯಂತೆ. ನನ್ನ ಬಳಿ 150-600 ಎಂಎಂ ಜೂಮ್ ಲೆನ್ಸ್ ಇದೆ, ಒಂದು ಚಿಕ್ಕ ಸೌಂಡ್ ರೆಕಾರ್ಡರ್ ಇದೆ. ಫೋಟೊ ಮತ್ತು ದನಿ ಎರಡೂ ಬೇಕು. ಹೇಗೆ ತಯಾರಾಗಲಿ? ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯಬಹುದೇ? ಏಳು ವರ್ಷದ ಮೊಮ್ಮಗನೂ ಬರುತ್ತೇನೆ ಅನ್ನುತ್ತಿದ್ದಾನೆ, ಕರೆದುಕೊಂಡು ಹೋಗಬಹುದೇ?

ಉತ್ತರ: ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಆ ದ್ವೀಪಕ್ಕೆ ನಾನು ಮಂಗಳೂರಿನಿಂದ ಎರಡು ಸಲ ಹೋಗಿ ಬಂದಿದ್ದೇನೆ. ಮೊದಲನೇ ಸಲ ಮಾಡಿದ ತಪ್ಪುಗಳು ಎರಡನೇ ಸಲ ಕೆಲಸಕ್ಕೆ ಬಂದವು. ಅವು ನಿಮಗೆ ಮೊದಲ ಸಲವೇ ಕೆಲಸಕ್ಕೆ ಬರಲಿ.

ಕೂಗು ಹಾಕಿ ಕರೆಯುವ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ. ಬೇಡ. ಖಂಡಿತ ಬೇಡ. ತಕಹೇ ಜೋಡಿಗಳು ತಮ್ಮ ಜಾಗವನ್ನು ಬಿಗಿಯಾಗಿ ಕಾಯುತ್ತವೆ. ನಿಮ್ಮ ಮೊಬೈಲಿನ ಕೂಗು ಅವಕ್ಕೆ ಹಾಡಲ್ಲ, ಬೇರೆ ಹಕ್ಕಿ ಮನೆಯೊಳಗೆ ನುಗ್ಗಿತು ಎಂಬ ಸುದ್ದಿ. ಡಿಸೆಂಬರ್ ಅಂದರೆ ಅಲ್ಲಿ ಬೇಸಿಗೆ, ಮರಿಗಳಿರುವ ಕಾಲ. ಅಪ್ಪ ಅಮ್ಮ ಎರಡೂ ಜಗಳಕ್ಕೆ ಓಡಿ ಬಂದರೆ ಹುಲ್ಲಿನೊಳಗಿನ ಮರಿಯನ್ನು ನೋಡುವವರು ಯಾರು? ಕಾನೂನಿನ ಮಾತೂ ಇದೆ. ನ್ಯೂಜಿಲೆಂಡಿನ 1953ರ ವನ್ಯಜೀವಿ ಕಾಯ್ದೆ ಈ ಹಕ್ಕಿಗೆ ಪೂರ್ತಿ ರಕ್ಷಣೆ ಕೊಟ್ಟಿದೆ. ಅಲ್ಲದೆ ಅದರ ಅಗತ್ಯವೂ ಇಲ್ಲ. ತಕಹೇ ಅಡಗುವ ಹಕ್ಕಿಯಲ್ಲ.

ಇದನ್ನೇ ಸ್ವಲ್ಪ ಬಿಡಿಸಿ ಹೇಳಬೇಕು. ನೀವು ಇಲ್ಲಿ ಕಲಿತದ್ದೆಲ್ಲ ಅಲ್ಲಿ ತಲೆಕೆಳಗಾಗುತ್ತದೆ.

ನಮ್ಮ ಗದ್ದೆಯಂಚಿನ ಹುಂಡುಕೋಳಿಯನ್ನು ನೆನೆಯಿರಿ. ಬಿಳಿ ಎದೆ, ಬಾಲ ಕುಣಿಸುತ್ತಾ ತೋಡಿನ ಬದಿಯಲ್ಲಿ ನಡೆಯುತ್ತದೆ. ನೀವು ಕ್ಯಾಮೆರಾ ಎತ್ತುವಷ್ಟರಲ್ಲಿ ಕೆಸುವಿನ ಎಲೆಗಳ ನಡುವೆ ಮಾಯ. ಅದರ ಹತ್ತಿರ ಹೋಗುವುದೇ ಒಂದು ವಿದ್ಯೆ. ತಕಹೇ ಕೂಡ ಅದೇ ಕುಲದ್ದು. ಇನ್ನೂ ಹತ್ತಿರದ ನೆಂಟ ಬೇಕೆಂದರೆ ನಮ್ಮ ಕೆರೆಗಳ ನೇರಳೆ ಜಂಬುಕೋಳಿ. ಎರಡೂ ಒಂದೇ ಪಂಗಡದವು, ಪಾರ್ಫಿರಿಯೊ ಎಂಬುದು ಆ ಪಂಗಡದ ಹೆಸರು. ಜಂಬುಕೋಳಿಯನ್ನು ಮೂರು ಪಟ್ಟು ದಪ್ಪ ಮಾಡಿ, ಕೊಕ್ಕನ್ನು ಅಡಕೆ ಕತ್ತರಿಯಷ್ಟು ಗಟ್ಟಿ ಮಾಡಿ, ಬೆನ್ನಿಗೆ ಪಾಚಿ ಹಸಿರು ಬಳಿದರೆ ತಕಹೇ ಆಯಿತು ಅನ್ನಿ. ಎತ್ತರ ಸುಮಾರು 50 ಸೆಂಟಿಮೀಟರ್, ತೂಕ ಸುಮಾರು 3 ಕೆ.ಜಿ. ಹುಂಡುಕೋಳಿ, ಜಂಬುಕೋಳಿ ಎಲ್ಲ ಸೇರುವ ಈ ಕುಲಕ್ಕೆ ಇಂಗ್ಲಿಷಿನಲ್ಲಿ ರೇಲ್ (rail) ಅನ್ನುತ್ತಾರೆ, ಅದರಲ್ಲಿ ಈಗ ಬದುಕಿರುವವುಗಳ ಪೈಕಿ ಇದೇ ದೊಡ್ಡದು.

ಅದರ ಹಿರೀಕರು ಹಾರಿಕೊಂಡೇ ಆ ನೆಲಕ್ಕೆ ಬಂದವರು. ಮನುಷ್ಯ ಬರುವ ಮೊದಲು ಅಲ್ಲಿ ಬಾವಲಿ ಬಿಟ್ಟರೆ ನೆಲದ ಮೇಲೆ ಓಡಾಡುವ ಸಸ್ತನಿ ಇರಲಿಲ್ಲ. ಬೆಕ್ಕಿಲ್ಲ, ನರಿಯಿಲ್ಲ, ಮುಂಗುಸಿಯಿಲ್ಲ. ಹಾರುವ ಖರ್ಚು ಯಾಕೆ ಬೇಕು? ರೆಕ್ಕೆ ಸಣ್ಣದಾಯಿತು, ಕಾಲು ದಪ್ಪವಾಯಿತು. ನಮ್ಮಂಥವರನ್ನು ಕಂಡರೆ ಓಡಬೇಕು ಎಂಬ ಹೆದರಿಕೆಯೂ ಅದಕ್ಕೆ ಬೆಳೆಯಲಿಲ್ಲ. ಮುಂದೆ ನಾಯಿ, ಇಲಿ, ಸ್ಟೋಟ್ ಎಂಬ ಮುಂಗುಸಿಯಂಥ ಪ್ರಾಣಿ ಎಲ್ಲ ಬಂದವು. ಅವು ಬಂದ ಮೇಲೆ ಆದದ್ದನ್ನು ನೀವು ಊಹಿಸಬಹುದು.

ಹಾಗಾಗಿ ಹುಂಡುಕೋಳಿಯ ಹತ್ತಿರ ಹೋಗುವುದು ಕಷ್ಟ, ತಕಹೇಯಿಂದ ದೂರ ಇರುವುದು ಕಷ್ಟ. ದೂರ ಇರಲು ಕಲಿತವರಿಗೇ ಒಳ್ಳೆಯ ಚಿತ್ರ ಸಿಗುತ್ತದೆ. ಉಪದೇಶಕ್ಕೆ ಹೇಳುತ್ತಿಲ್ಲ, ಲೆನ್ಸಿನ ಲೆಕ್ಕವೇ ಹಾಗಿದೆ. ನಿಮ್ಮ 150-600 ಅನ್ನು 400ಕ್ಕೆ ಇಟ್ಟು, ಅಪರ್ಚರ್ ಎಫ್ 6.3ರಲ್ಲಿ, 4 ಮೀಟರ್ ದೂರದ ಹಕ್ಕಿಗೆ ಹಿಡಿದರೆ, ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಚೂಪಾಗಿ ಕಾಣುವ ಪಟ್ಟಿ ಸುಮಾರು 4 ಸೆಂಟಿಮೀಟರ್ ಮಾತ್ರ. ಕಣ್ಣು ಚೂಪಾದರೆ ಕೊಕ್ಕಿನ ತುದಿ ಮಸುಕು. ಅದೇ 8 ಮೀಟರಿಗೆ ಸರಿದರೆ 15 ಸೆಂಟಿಮೀಟರ್ ಸಿಗುತ್ತದೆ. ತಲೆ, ಕೊಕ್ಕು, ಕತ್ತು ಮೂರೂ ಬಂತು. ಎರಡು-ಮೂರು ಮೀಟರಿಗಿಂತ ಹತ್ತಿರ ಬಂದರೆ ಇಂಥ ಲೆನ್ಸ್ ಫೋಕಸ್ಸೇ ಆಗುವುದಿಲ್ಲ. ಹಕ್ಕಿ ಅಷ್ಟು ಹತ್ತಿರ ಬರುವುದುಂಟು. ಆಗ ಹಿಂದೆ ಸರಿಯಲು ಗಡಿಬಿಡಿ ಮಾಡಬೇಡಿ. ಕ್ಯಾಮೆರಾ ಮಡಿಲಲ್ಲಿಟ್ಟು ಸುಮ್ನೆ ನೋಡಿ.

ನಾನು ಮಾಡಿದ್ದು ಇಷ್ಟು. ದೀಪಸ್ತಂಭದ ಹತ್ತಿರ ಹುಲ್ಲುಹಾಸು ಇದೆ. ತಕಹೇ ಮೇಯಲು ಅಲ್ಲಿಗೆ ಬರುತ್ತವೆ. ಹಕ್ಕಿಯನ್ನು ಕಂಡ ಕೂಡಲೇ ಅದರ ಹಿಂದೆ ಹೋಗಲಿಲ್ಲ. ಅದು ಯಾವ ಕಡೆ ಮುಖ ಮಾಡಿ ಮೇಯುತ್ತಿದೆ ಎಂದು ಐದು ನಿಮಿಷ ನೋಡಿದೆ. ಆಮೇಲೆ ದೂರದಿಂದ ಸುತ್ತು ಹಾಕಿ, ಅದು ಬರುವ ದಾರಿಗೆ ಎಂಟು ಹತ್ತು ಮೀಟರ್ ಬದಿಯಲ್ಲಿ ನೆಲದ ಮೇಲೆ ಕೂತೆ. ದಾರಿಗೆ ಅಡ್ಡ ಕೂರಬಾರದು. ಹಕ್ಕಿಯ ಹಿಂದೆ ತಪ್ಪಿಸಿಕೊಳ್ಳಲು ಪೊದೆ ಇರಬೇಕು, ನೀವು ಪೊದೆಗೂ ಅದಕ್ಕೂ ನಡುವೆ ಬರಬಾರದು. ಮರಿ ಕಂಡರೆ ಇನ್ನೂ ದೂರ. ಮರಿ ಕಪ್ಪು ಹತ್ತಿಯುಂಡೆಯ ಹಾಗಿರುತ್ತದೆ, ಹುಲ್ಲಿನಲ್ಲಿ ಬೇಗ ಕಾಣುವುದಿಲ್ಲ, ಕಾಲಿಡುವ ಮೊದಲು ನೋಡಿ.

ಕೂತು ಅಥವಾ ಮಲಗಿ ತೆಗೆಯಿರಿ. ನಿಂತು ತೆಗೆದ ತಕಹೇ ಹುಲ್ಲಿನ ಮೇಲಿಟ್ಟ ನೀಲಿ ಗಡಿಗೆಯಂತೆ ಕಾಣುತ್ತದೆ. ಕಣ್ಣಿನ ಮಟ್ಟಕ್ಕೆ ಇಳಿದರೆ ಆ ದಪ್ಪ ಕಾಲು, ಎದೆಯ ನೀಲಿ, ಹಿಂದಿನ ಸಮುದ್ರ ಎಲ್ಲ ಒಂದೇ ಸಾಲಿಗೆ ಬರುತ್ತವೆ. ಮಂಡಿ ನೋವಿದ್ದರೆ ಒಂದು ತೆಳು ಚಾಪೆ ಇಟ್ಟುಕೊಳ್ಳಿ.

ಬಣ್ಣದ ವಿಷಯದಲ್ಲಿ ಹೊಸಬರಿಗೆ ತೊಂದರೆಯಾಗುವುದು ಇಲ್ಲೇ. ಹಕ್ಕಿ ಗಾಢ ಬಣ್ಣದ್ದು. ಫ್ರೇಮ್ ತುಂಬಾ ಅದೇ ಇದ್ದರೆ ಬೆಳಕು ಸಾಲದು ಎಂದು ಕ್ಯಾಮೆರಾ ಜಾಸ್ತಿ ಬೆಳಕು ಒಳಗೆ ಬಿಡುತ್ತದೆ. ಆಗ ನೀಲಿ ತೊಳೆದುಹೋಗುತ್ತದೆ, ಕೆಂಪು ಕೊಕ್ಕು ವಿವರವೇ ಇಲ್ಲದ ಕೆಂಪು ಚುಕ್ಕೆಯಾಗುತ್ತದೆ. ಎಕ್ಸ್‌ಪೋಶರನ್ನು ಮೂರನೇ ಒಂದರಿಂದ ಮೂರನೇ ಎರಡು ಸ್ಟಾಪ್ (ಬೆಳಕಿನ ಮೆಟ್ಟಿಲು) ಇಳಿಸಿ. ಕ್ಯಾಮೆರಾ ಪರದೆಯಲ್ಲಿ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ, ಅಂದರೆ ಹಿಸ್ಟೋಗ್ರಾಮಿನಲ್ಲಿ ಕೆಂಪು ಗೆರೆಯನ್ನು ಬೇರೆಯಾಗಿ ನೋಡಿ. ಬಾಲದ ಕೆಳಗಿನ ಬಿಳಿ ಗರಿಯೂ ಉಳಿಯಬೇಕು, ನಡೆಯುವಾಗ ಬಾಲ ಚಿಮ್ಮಿಸಿ ಅದನ್ನು ತೋರಿಸುತ್ತದೆ. ಮೋಡ ಇದ್ದರೆ ಬೇಸರ ಬೇಡ, ಅದೇ ಒಳ್ಳೆಯದು. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಆ ಗರಿಗಳ ಹೊಳಪು ಸಿಗುವುದಿಲ್ಲ. ಮೇಯುವ ಹಕ್ಕಿಗೆ ಶಟರ್ ವೇಗ 1/250 ಸೆಕೆಂಡ್ ಸಾಕು ಅನಿಸುತ್ತದೆ, ಆದರೆ ತಲೆ ಸದಾ ಕುಕ್ಕುತ್ತಿರುತ್ತದೆ, 1/500ಕ್ಕೆ ಇಡಿ. ಕ್ಯಾಮೆರಾ ತಿದ್ದದ ರಾ (RAW) ಫೈಲಿನಲ್ಲೇ ಫೋಟೊ ತೆಗೆಯಿರಿ. ಫ್ಲ್ಯಾಶ್ ಬೇಡ. ಡ್ರೋನ್ ಒಯ್ಯಬೇಡಿ, ಅಲ್ಲಿನ ಸಂರಕ್ಷಣಾ ಇಲಾಖೆಯ ಅನುಮತಿ ಇಲ್ಲದೆ ಹಾರಿಸುವಂತಿಲ್ಲ.

ಕಾಲುಗಳ ಚಿತ್ರ ತೆಗೆಯಲು ಮರೆಯಬೇಡಿ. ತಕಹೇ ಕಾಲಲ್ಲಿ ಬಣ್ಣದ ಉಂಗುರಗಳಿರುತ್ತವೆ. ಆ ಬಣ್ಣಗಳ ಸಾಲು ನೋಡಿ ಇದು ಯಾವ ಹಕ್ಕಿ ಎಂದು ಅಲ್ಲಿನವರು ಹೇಳುತ್ತಾರೆ. ಉಂಗುರ ಇದ್ದರೆ ಚಿತ್ರ ಕೆಟ್ಟಿತು ಎಂದು ಕಂಪ್ಯೂಟರಿನಲ್ಲಿ ಅಳಿಸಿಹಾಕುವವರನ್ನು ಕಂಡಿದ್ದೇನೆ. ನನಗೆ ಅದು ತುಂಬಾ ನೋವಾಗುವ ಕೆಲಸ. 2023ರ ಹೊತ್ತಿಗೆ ಈ ಹಕ್ಕಿಗಳ ಒಟ್ಟು ಸಂಖ್ಯೆ ಸುಮಾರು 500. 1980ರ ದಶಕದ ಮೊದಲಲ್ಲಿ 118ಕ್ಕೆ ಇಳಿದಿತ್ತು. ಇಷ್ಟೇ ಇರುವಾಗ ಒಂದೊಂದಕ್ಕೂ ಲೆಕ್ಕವಿದೆ, ಆ ಉಂಗುರ ಅದರ ಹೆಸರು. ಮೇಯುವಾಗ ಹುಲ್ಲು ಉಂಗುರವನ್ನು ಮುಚ್ಚುತ್ತದೆ. ಬೋಳು ನೆಲಕ್ಕೋ ಕಾಲುದಾರಿಗೋ ಬಂದಾಗ ಎರಡೂ ಕಾಲು ಕಾಣುವ ಹಾಗೆ ಒಂದು ಫೋಟೊ ತೆಗೆಯಿರಿ. ಎಡಗಾಲು ಮೇಲಿನಿಂದ ಕೆಳಗೆ, ಬಲಗಾಲು ಮೇಲಿನಿಂದ ಕೆಳಗೆ ಎಂದು ಬಣ್ಣಗಳನ್ನು ಬರೆದುಕೊಳ್ಳಿ.

ಇನ್ನೊಂದು ಎಚ್ಚರ. ಅದೇ ದ್ವೀಪದಲ್ಲಿ ಪೂಕೆಕೊ ಎಂಬ ಹಕ್ಕಿಯೂ ಇದೆ. ಅದೂ ನೀಲಿ, ಅದಕ್ಕೂ ಕೆಂಪು ಕೊಕ್ಕು. ಆದರೆ ತೆಳ್ಳಗೆ, ಉದ್ದ ಕಾಲು, ಕಪ್ಪು ಬೆನ್ನು, ಹಾರುತ್ತದೆ. ನಮ್ಮ ಜಂಬುಕೋಳಿ ನೋಡಿದವರಿಗೆ ಥಟ್ಟನೆ ಗುರುತು ಸಿಗುತ್ತದೆ. ಸಣ್ಣ ವಿಷಯ ಅನಿಸಬಹುದು. 2015ರಲ್ಲಿ ಆಕ್ಲೆಂಡಿನ ಹತ್ತಿರದ ಮೊಟುಟಾಪು ದ್ವೀಪದಲ್ಲಿ ಪೂಕೆಕೊ ಸಂಖ್ಯೆ ಇಳಿಸಲು ಹೋದ ಅನುಭವಿ ಬೇಟೆಗಾರರು ಗುರುತು ತಪ್ಪಿ ನಾಲ್ಕು ತಕಹೇಗಳನ್ನು ಕೊಂದರು. ಫೋಟೊದ ಕೆಳಗೆ ಹೆಸರು ಬರೆಯುವಾಗ ನನಗೆ ಅದು ನೆನಪಾಗುತ್ತದೆ.

ಈಗ ದನಿ. ನನಗೆ ಪ್ರೀತಿಯ ಭಾಗ ಇದು. ಈ ಹಕ್ಕಿ ಲೋಕಕ್ಕೆ ಮರಳಿ ಸಿಕ್ಕಿದ್ದರಲ್ಲೂ ದನಿಯ ಪಾಲಿದೆ. 1898ರಲ್ಲಿ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಟೆ ಅನೌ ಸರೋವರದ ಬಳಿ ಒಂದು ನಾಯಿ ಹಿಡಿದ ಹಕ್ಕಿಯೇ ಕೊನೆಯದು ಎಂದು ಎಲ್ಲರೂ ತಿಳಿದಿದ್ದರು. ಐವತ್ತು ವರ್ಷ ಕಳೆಯಿತು. 1948ರ ಏಪ್ರಿಲ್‌ನಲ್ಲಿ ಜೆಫ್ರಿ ಆರ್ಬೆಲ್ ಎಂಬ ಡಾಕ್ಟರು ಅಲ್ಲಿನ ಮರ್ಚಿಸನ್ ಬೆಟ್ಟಗಳನ್ನು ಹತ್ತಿದಾಗ ಗುರುತಿಲ್ಲದ ಹೆಜ್ಜೆ ಕಂಡರು, ಕೇಳಿಲ್ಲದ ಕೂಗು ಕೇಳಿದರು. ಅದನ್ನು ಮರೆಯಲಿಲ್ಲ. ನವೆಂಬರ್ 20ಕ್ಕೆ ಗೆಳೆಯರೊಂದಿಗೆ ಮತ್ತೆ ಹೋದರು, ಹಕ್ಕಿ ಸಿಕ್ಕಿತು. ಎರಡನ್ನು ಬಲೆಯಲ್ಲಿ ಹಿಡಿದು, ಫೋಟೊ ತೆಗೆದು, ಫಿಲ್ಮಿನಲ್ಲಿ ಚಿತ್ರೀಕರಿಸಿ, ಅಲ್ಲೇ ಬಿಟ್ಟರು. ಹಿಂದಿನ ನಾಲ್ಕು ತಕಹೇಗಳೂ ಸತ್ತ ಮೇಲೆಯೇ ವಿಜ್ಞಾನದ ಕೈಗೆ ಬಂದಿದ್ದವು. ಕ್ಯಾಮೆರಾ ಹಿಡಿದವರು ಇದನ್ನು ತಿಳಿದಿರಬೇಕು ಅನಿಸಿ ಬರೆದೆ.

ಅದರ ದನಿಯಲ್ಲಿ ಮುಖ್ಯವಾಗಿ ಮೂರು ಬಗೆ. ಜೋರಾಗಿ ಕಿರುಚುವುದು, ಜೋಡಿ ಸೇರಿ ಕೂಗುವಾಗ ಇದು ಜಾಸ್ತಿ. ಮೇಯುತ್ತಾ ಒಂದನ್ನೊಂದು ಕರೆಯುವ ಮೆಲ್ಲನೆಯ ಹೂಂಕಾರ. ಮೂರನೆಯದು ಅಪಾಯ ಕಂಡಾಗ ಎದೆಯೊಳಗಿಂದ ಬರುವ ತಗ್ಗಿನ "ಬೂಂ". ಈ ಮೂರನೆಯದರಲ್ಲೇ ನಾನು ಎಡವಿದ್ದು. ದ್ವೀಪದಲ್ಲಿ ಗಾಳಿ ಜಾಸ್ತಿ ಎಂದು ರೆಕಾರ್ಡರಿನಲ್ಲಿ ತಗ್ಗಿನ ಸದ್ದನ್ನು ಕತ್ತರಿಸುವ ಲೋ-ಕಟ್ ಹಾಕಿಬಿಟ್ಟಿದ್ದೆ. ಗಾಳಿಯ ಗುಂಯ್ಗುಡುವಿಕೆ ಹೋಯಿತು, ಅದರ ಜೊತೆಗೆ ಆ ಬೂಂ ಕೂಡ ಹೆಚ್ಚುಕಡಿಮೆ ಹೋಗಿತ್ತು. ರಾತ್ರಿ ಹೆಡ್‌ಫೋನ್ ಹಾಕಿ ಕೇಳಿದಾಗ ಹೊಟ್ಟೆ ಉರಿಯಿತು. ಹಕ್ಕಿ ಮಾತಾಡಿದೆ, ನಾನೇ ಬಾಗಿಲು ಹಾಕಿದ್ದೆ. ಲೋ-ಕಟ್ ಆಫ್ ಇರಲಿ. ಗಾಳಿಗೆ ಮೈಕಿಗೆ ತುಪ್ಪಳದಂಥ ಹೊದಿಕೆ ಬರುತ್ತದೆ, ಅದನ್ನು ಹಾಕಿ. ಬರೀ ಸ್ಪಂಜಿನ ಟೋಪಿ ಸಮುದ್ರದ ಗಾಳಿಗೆ ಸಾಲದು. ಬೇಡದ ತಗ್ಗಿನ ಸದ್ದನ್ನು ಆಮೇಲೆ ಕಡಿಮೆ ಮಾಡಬಹುದು, ಹಿಡಿಯದೇ ಬಿಟ್ಟ ದನಿ ಮರಳಿ ಬರುವುದಿಲ್ಲ.

ಫೈಲ್ ವೇವ್ ಆಗಿರಲಿ, ಎಂಪಿ3 ಬೇಡ. 48 ಕಿಲೋಹರ್ಟ್ಸ್, 24 ಬಿಟ್. ಸ್ಟೀರಿಯೊ ಆದರೆ ನಿಮಿಷಕ್ಕೆ 17 ಎಂಬಿ, ಗಂಟೆಗೆ ಸುಮಾರು ಒಂದು ಜಿಬಿ. 32 ಜಿಬಿ ಕಾರ್ಡಿನಲ್ಲಿ ಇಡೀ ದಿನ ಹಿಡಿಸುತ್ತದೆ. ದನಿಯ ಮಟ್ಟವನ್ನು ತಾನೇ ಏರಿಳಿಸುವ ಆಟೋ ಲೆವೆಲ್ ಆಫ್ ಮಾಡಿ. ಮೆಲ್ಲನೆಯ ಹೂಂಕಾರಕ್ಕೆ ಲೆವೆಲ್ ಏರಿಸಿಟ್ಟರೆ, ಜೋಡಿ ಒಮ್ಮೆಲೇ ಕಿರುಚಿದಾಗ ಒಡೆದುಹೋಗುತ್ತದೆ. ಜೋರು ಸದ್ದು ಮೈನಸ್ 12 ಡೆಸಿಬೆಲ್ ದಾಟದಂತೆ ಇಡಿ.

ಮೈಕ್ ಹತ್ತಿರ ಇದ್ದಷ್ಟೂ ಒಳ್ಳೆಯದು, ನೀವು ದೂರ ಇದ್ದಷ್ಟೂ ಒಳ್ಳೆಯದು. ದೂರ ಅರ್ಧಕ್ಕೆ ಇಳಿದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಹಾಗಾಗಿ ಹಕ್ಕಿ ಬರುವ ಮೊದಲೇ ಸಣ್ಣ ಟ್ರೈಪಾಡಿನಲ್ಲಿ ರೆಕಾರ್ಡರನ್ನು ದಾರಿಯ ಬದಿಗೆ ಇಟ್ಟು, ನೀವು ಹತ್ತು ಮೀಟರ್ ಹಿಂದೆ ಕೂರಿ. ಕಣ್ಣಳತೆಯಲ್ಲೇ ಇರಲಿ, ಹಕ್ಕಿ ಕುಕ್ಕಿ ನೋಡಬಹುದು. ಮೊಬೈಲ್ ಏರ್‌ಪ್ಲೇನ್ ಮೋಡಿನಲ್ಲಿರಲಿ. ಸರಬರ ಅನ್ನುವ ನೈಲಾನ್ ಜಾಕೆಟ್ ಬೇಡ, ಹತ್ತಿ ಬಟ್ಟೆ ಹಾಕಿಕೊಳ್ಳಿ.

ಫೋಟೊ ಮತ್ತು ದನಿ ಎರಡನ್ನೂ ಒಟ್ಟಿಗೆ ಮಾಡಲು ಹೋಗಬೇಡಿ. ಶಟರಿನ ಟಕಟಕ ಇಡೀ ರೆಕಾರ್ಡಿಂಗಿನಲ್ಲಿ ಬೀಳುತ್ತದೆ. ಮೊದಲ ಹತ್ತು ನಿಮಿಷ ದನಿ, ಆಮೇಲೆ ಫೋಟೊ. ಕೂಗಿದ ಕೂಡಲೇ ನಿಲ್ಲಿಸಬೇಡಿ. ಮೂರು ನಾಲ್ಕು ನಿಮಿಷ ಓಡಲಿ. ಕೊನೆಗೆ ಮೆಲ್ಲನೆ ನಿಮ್ಮ ದನಿಯಲ್ಲೇ ಹೇಳಿಬಿಡಿ: ತಾರೀಕು, ಗಂಟೆ, ಜಾಗ, ಎಷ್ಟು ಹಕ್ಕಿ, ಎಷ್ಟು ದೂರ, ಏನು ಮಾಡುತ್ತಿತ್ತು, ಉಂಗುರದ ಬಣ್ಣ. ಕನ್ನಡದಲ್ಲೇ ಹೇಳಿ, ಆಮೇಲೆ ಬರೆದುಕೊಂಡರಾಯಿತು.

ಎರಡನೇ ಸಲ ಹೋದಾಗ ಹೀಗೆ ಇಟ್ಟ ರೆಕಾರ್ಡರಿನಲ್ಲಿ ಒಂದು ಸದ್ದು ಸಿಕ್ಕಿತು. ಕೂಗು ಅಲ್ಲ. ಜೋಡಿ ಮೇಯುತ್ತಾ ಹತ್ತಿರ ಬಂತು. ತಕಹೇ ಹುಲ್ಲನ್ನು ಬುಡದಲ್ಲಿ ಕತ್ತರಿಸಿ, ದಂಟನ್ನು ಒಂದು ಕಾಲಲ್ಲಿ ಹಿಡಿದು, ಬುಡದ ಬಿಳಿ ಮೆತ್ತನೆಯ ಭಾಗವನ್ನು ಮಾತ್ರ ತಿನ್ನುತ್ತದೆ. ಉಳಿದದ್ದನ್ನು ಬಿಸಾಡುತ್ತದೆ. ಕಚಕ್, ಸ್ವಲ್ಪ ಹೊತ್ತು, ಮತ್ತೆ ಕಚಕ್. ನಮ್ಮೂರಲ್ಲಿ ಬೆಳಿಗ್ಗೆ ಗದ್ದೆಯ ಹುಣಿಯಲ್ಲಿ ಕೂತು ದನಕ್ಕೆ ಹುಲ್ಲು ಕೊಯ್ಯುವವರ ಕತ್ತಿಯ ಸದ್ದು ಹಾಗೇ ಇರುತ್ತದೆ. ನಡುವೆ ಆ ಮೆಲ್ಲನೆಯ ಹೂಂಕಾರ, ಆ ಕಡೆಯಿಂದ ಇನ್ನೊಂದರ ಉತ್ತರ. ಹನ್ನೊಂದು ನಿಮಿಷದ ಆ ಫೈಲನ್ನು ನಾನು ತೆಗೆದ ಯಾವ ಫೋಟೊಕ್ಕೂ ಕೊಡುವುದಿಲ್ಲ.

ಅಭ್ಯಾಸ ಮನೆಯ ಹಿಂದೆಯೇ ಮಾಡಿ. ಇನ್ನೂ ಸಮಯ ಇದೆಯಲ್ವಾ. ಹುಂಡುಕೋಳಿ ಮಳೆಗಾಲದಲ್ಲಿ ರಾತ್ರಿಯೆಲ್ಲ ಕೂಗುತ್ತದೆ, ಆ ಕೂಗು ಗೊತ್ತಿಲ್ಲದ ಉಡುಪಿಯವರಿಲ್ಲ. ಮಳೆ ಬಿಟ್ಟ ಹೊತ್ತಿನಲ್ಲಿ ರೆಕಾರ್ಡರ್ ಅಂಗಳದ ಬದಿಗಿಟ್ಟು ಲೆವೆಲ್ ಹೊಂದಿಸಿ ನೋಡಿ. ಗಾಳಿಗೆ ಮಲ್ಪೆ ಕಡಲತೀರಕ್ಕೆ ಹೋಗಿ, ತುಪ್ಪಳದ ಹೊದಿಕೆ ಹಾಕಿ ಒಂದು ಸಲ, ತೆಗೆದು ಒಂದು ಸಲ ರೆಕಾರ್ಡ್ ಮಾಡಿ ಕೇಳಿ. ಕೆಂಪು ಬಣ್ಣದ ಅಭ್ಯಾಸಕ್ಕೆ ಕೆಂಪು ದಾಸವಾಳ ಸಾಕು.

ಹೊರಡುವ ಮೊದಲು ಟ್ರೈಪಾಡಿನ ಕಾಲು ತೊಳೆಯಿರಿ. ಗದ್ದೆಯ ಕೆಸರು, ಹುಲ್ಲಿನ ಬೀಜ ಶೂಸಿನಲ್ಲಿ ಇದ್ದರೆ ಆಕ್ಲೆಂಡ್ ವಿಮಾನ ನಿಲ್ದಾಣದಲ್ಲೇ ನಿಲ್ಲಿಸುತ್ತಾರೆ. ತಿಂಡಿ, ಉಪ್ಪಿನಕಾಯಿ, ಹಪ್ಪಳ ಏನಿದ್ದರೂ ಫಾರಮಿನಲ್ಲಿ ಬರೆಯಿರಿ. ಬರೆಯದೆ ಸಿಕ್ಕಿಬಿದ್ದರೆ ಅಲ್ಲೇ 400 ಡಾಲರ್ ದಂಡ. ದ್ವೀಪಕ್ಕೆ ದೋಣಿ ಹತ್ತುವ ಮೊದಲೂ ಚೀಲ ನೋಡಿಕೊಳ್ಳಲು ಹೇಳುತ್ತಾರೆ. ಇಲಿ, ಇರುವೆ, ಬೀಜ ಇಲ್ಲ ಎಂದು ಖಾತ್ರಿಯಾಗಬೇಕು. ದಯವಿಟ್ಟು ಬೇಸರಿಸಬೇಡಿ. ನೂರಕ್ಕೂ ಹೆಚ್ಚು ವರ್ಷ ದನ ಕುರಿ ಮೇಯಿಸಿ ಬೋಳಾಗಿದ್ದ 220 ಹೆಕ್ಟೇರಿನ ದ್ವೀಪ ಅದು. 1984ರಿಂದ ಹತ್ತು ವರ್ಷ ಊರ ಜನ ಸ್ವಂತ ಇಷ್ಟದಿಂದ ಬಂದು ಎರಡೂವರೆ ಲಕ್ಷಕ್ಕೂ ಹೆಚ್ಚು ಗಿಡ ನೆಟ್ಟರು. 1993ರಲ್ಲಿ ಇಲಿಗಳನ್ನು ಪೂರ್ತಿ ತೆಗೆದರು. ಒಂದು ಬಸುರಿ ಇಲಿ ಒಂದು ಚೀಲದಲ್ಲಿ ಹೋದರೆ ಅಷ್ಟೂ ಹಾಳು.

ದೋಣಿಯ ಟಿಕೆಟ್ ಮೊದಲೇ ತೆಗೆಯಿರಿ, ಡಿಸೆಂಬರಿನಲ್ಲಿ ಜನ ಜಾಸ್ತಿ. ಊಟ ನೀರು ನೀವೇ ಒಯ್ಯಬೇಕು, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ. ಬುತ್ತಿ ಬಿಚ್ಚಿದರೆ ತಕಹೇ ಬಂದು ನೋಡುವುದುಂಟು. ಏನೂ ಕೊಡಬೇಡಿ, ಚಪಾತಿ ಚೂರು ಕೂಡ. ದೋಣಿಯಲ್ಲಿ ಹೋಗಿ ಬರುವವರಿಗೆ ನಸುಕು ಸಿಗುವುದಿಲ್ಲ. ಅಲ್ಲೇ ರಾತ್ರಿ ಉಳಿಯಲು ಸಾಮಾನ್ಯ ವಸತಿ ಇದೆ, ಸಂರಕ್ಷಣಾ ಇಲಾಖೆಯಲ್ಲಿ ತಿಂಗಳುಗಳ ಮೊದಲೇ ಬುಕ್ ಮಾಡಬೇಕು. ಸಿಕ್ಕಿದರೆ ಬಿಡಬೇಡಿ. ಸಂಜೆ ಕೊನೆಯ ದೋಣಿ ಹೋದ ಮೇಲೆ ದ್ವೀಪ ಬೇರೆಯೇ ಆಗುತ್ತದೆ.

ಬಂದ ಮೇಲೆ ಫೋಟೊಗಳನ್ನು ಹಕ್ಕಿ ದಾಖಲೆಗಳ ಜಾಲತಾಣ ಇಬರ್ಡ್‌ನಲ್ಲಿ, ದನಿಯನ್ನು ಅಲ್ಲೇ ಅಥವಾ ಹಕ್ಕಿದನಿಗಳ ಜಾಲತಾಣ ಜೀನೊ-ಕ್ಯಾಂಟೊದಲ್ಲಿ ಹಾಕಿ. ದನಿಯನ್ನು ತಿದ್ದಿ ತೀಡಿ ಚಂದ ಮಾಡಬೇಡಿ. ಮುಂದೆ ಯಾರಾದರೂ ಅದನ್ನು ಅಳೆಯಬೇಕಾದರೆ ಇದ್ದ ಹಾಗೇ ಇರಬೇಕು.

ಮೊಮ್ಮಗನ ವಿಷಯ. ಖಂಡಿತ ಕರೆದುಕೊಂಡು ಹೋಗಿ. ಒಂದು ಪುಸ್ತಕ, ಬಣ್ಣದ ಪೆನ್ಸಿಲ್ ಕೊಡಿ. ಎರಡು ಕಾಲಿನ ಚಿತ್ರ ಮೊದಲೇ ಬರೆದುಕೊಡಿ, ಉಂಗುರದ ಬಣ್ಣ ತುಂಬುವ ಕೆಲಸ ಅವನದ್ದು. ನಿಮ್ಮ ಕಣ್ಣು ಲೆನ್ಸಿನೊಳಗೆ ಇರುವಾಗ ಅವನ ಕಣ್ಣು ಕಾಲಿನ ಮೇಲಿರಲಿ. ರೆಕಾರ್ಡರ್ ಓಡುವಾಗ ಹತ್ತು ನಿಮಿಷ ಮಾತಾಡಬಾರದು ಎಂಬುದನ್ನು ಮಾತ್ರ ಉಡುಪಿಯಲ್ಲೇ ಹುಂಡುಕೋಳಿಯ ಮುಂದೆ ಅಭ್ಯಾಸ ಮಾಡಿಸಿ.